ಒಣಹುಲ್ಲು ಬಿಟ್ಟ ಕುದುರೆಯ ಪೋಷಣೆ

ಕುದುರೆಯ ಆಹಾರಕ್ಕೆ ನಾರೇ ತಳಹದಿ. ಲಾಯದಲ್ಲಿ ಕಟ್ಟಿ ಸಾಕುವ ಕುದುರೆಗೆ ಈ ನಾರಿನ ಬಹುಪಾಲು ಒಣಹುಲ್ಲಿನಿಂದಲೇ ದೊರೆಯುವುದರಿಂದ, ಅದು ಹುಲ್ಲನ್ನು ಮೂಸಿ ಬಿಟ್ಟರೆ, ಅಥವಾ ಬಾಯಿಗೆ ತೆಗೆದುಕೊಂಡು ಅರೆಜಗಿದು ಉಗುಳಿದರೆ, ಕೆಲವೇ ವಾರಗಳಲ್ಲಿ ಪಕ್ಕೆಲುಬುಗಳು ಎದ್ದು ಕಾಣತೊಡಗುತ್ತವೆ. ಇಂಥ ಕುದುರೆಯ ಮೈತೂಕ ಇಳಿಯದಂತೆ ಕಾಯುವುದು ಅಶ್ವಪಾಲನೆಯ ಹಳೆಯ ಸಮಸ್ಯೆಗಳಲ್ಲಿ ಒಂದು. ಇದರಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳು ನಡೆಯುತ್ತವೆ. ಹುಲ್ಲು ಬಿಡುವುದನ್ನು ಪ್ರಾಣಿಯ ಹಟವೆಂದು ತಿಳಿದು, ಹಸಿದರೆ ತಾನೇ ತಿನ್ನುತ್ತದೆಂದು ಕಾಯುವುದು ಮೊದಲನೆಯದು. ಇಳಿದ ತೂಕವನ್ನು ತುಂಬಲು ಧಾನ್ಯವನ್ನು ಹೆಚ್ಚಿಸುತ್ತ ಹೋಗುವುದು ಎರಡನೆಯದು. ಎರಡರಿಂದಲೂ ಕುದುರೆಗೆ ಕೇಡೇ ಆಗುತ್ತದೆ. ಹುಲ್ಲು ಬಿಡುವುದು ಬಹುತೇಕ ಯಾವಾಗಲೂ ಬೇರೊಂದು ತೊಂದರೆಯ ಲಕ್ಷಣವಾಗಿರುತ್ತದೆ. ಆ ತೊಂದರೆಯನ್ನು ಹುಡುಕುತ್ತಿರುವ ದಿನಗಳಲ್ಲಿಯೂ ನಾರಿನ ಜಾಗವನ್ನು ಬೇರೆ ರೂಪದ ನಾರೇ ತುಂಬಬೇಕು, ಧಾನ್ಯವಲ್ಲ.

ಕನ್ನಡದಲ್ಲಿ ಒಣಹುಲ್ಲು ಎಂಬ ಮಾತು ಎರಡು ಬೇರೆ ಮೇವುಗಳಿಗೆ ಸಲ್ಲುತ್ತದೆ. ಕಾಳು ಕಟ್ಟುವ ಮೊದಲೇ ಹಸಿರಾಗಿ ಕೊಯ್ದು ಬಿಸಿಲಿಗೆ ಒಣಗಿಸಿದ ಮೇವು ಒಂದು. ಕಾಳು ಬಡಿದ ಮೇಲೆ ಉಳಿಯುವ ಬತ್ತದ ಹುಲ್ಲು, ರಾಗಿ ಹುಲ್ಲಿನಂಥದು ಇನ್ನೊಂದು. ಕುದುರೆಗೆ ಹೇಳಿಸಿದ ಮೇವು ಮೊದಲನೆಯದು. ಬತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು, ಜೀರ್ಣವಾಗುವ ಅಂಶ ಕಡಿಮೆ. ಮೆಲುಕು ಹಾಕುವ ದನ ಎಮ್ಮೆಗಳು ಅದರಿಂದ ಪಡೆಯುವಷ್ಟು ಸತ್ವವನ್ನು ಕುದುರೆ ಪಡೆಯಲಾರದು, ಅದನ್ನೇ ಹೊಟ್ಟೆತುಂಬ ತಿಂದರೆ ಕರುಳು ಕಟ್ಟಿಕೊಳ್ಳುವ ಅಪಾಯವೂ ಉಂಟು. ಆದ್ದರಿಂದ ಬತ್ತದ ಹುಲ್ಲನ್ನು ಕುದುರೆ ಬಿಟ್ಟಾಗ ರೋಗವನ್ನು ಊಹಿಸುವ ಮೊದಲು ಮೇವನ್ನು ಬದಲಿಸಿ ನೋಡಬೇಕು.

ಪಚನಾಂಗದ ಸ್ವರೂಪ

ಕುದುರೆಯ ದೇಹಕ್ಕೆ ಹೋಲಿಸಿದರೆ ಅದರ ಜಠರ ಬಹಳ ಚಿಕ್ಕದು, 500 ಕಿ.ಗ್ರಾಂ. ತೂಗುವ ಪ್ರಾಣಿಯಲ್ಲಿಯೂ ಅದರ ಹಿಡಿತ 8ರಿಂದ 15 ಲೀಟರಿನಷ್ಟೇ. ದಿನಕ್ಕೆ ಹದಿನಾಲ್ಕು, ಹದಿನಾರು ಗಂಟೆಗಳ ಕಾಲ ಸ್ವಲ್ಪಸ್ವಲ್ಪವಾಗಿ ಮೇಯುತ್ತಲೇ ಇರುವ ಪ್ರಾಣಿಗೆ ಹೊಂದುವ ರಚನೆ ಇದು. ಈ ಜಠರ ಆಹಾರವಿರಲಿ ಇಲ್ಲದಿರಲಿ ಆಮ್ಲವನ್ನು ಸುರಿಸುತ್ತಲೇ ಇರುತ್ತದೆ, ಆದರೆ ಆ ಆಮ್ಲವನ್ನು ತಣಿಸುವ ಜೊಲ್ಲು ಜಗಿಯುವಾಗ ಮಾತ್ರ ಉಕ್ಕುತ್ತದೆ. ಒಂದು ಕಿಲೊ ಒಣಹುಲ್ಲನ್ನು ಜಗಿಯಲು ಕುದುರೆಗೆ ಸುಮಾರು 40 ನಿಮಿಷ ಬೇಕು. ಒಂದು ಕಿಲೊ ಓಟ್ಸ್ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಹುಲ್ಲು ಬಿಟ್ಟ ಕುದುರೆ ಕ್ಯಾಲರಿಗಳನ್ನಷ್ಟೇ ಅಲ್ಲ, ಗಂಟೆಗಟ್ಟಲೆಯ ಜಗಿತವನ್ನೂ ಅದರೊಂದಿಗೆ ಬರುವ ಜೊಲ್ಲನ್ನೂ ಕಳೆದುಕೊಳ್ಳುತ್ತದೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ನಾರು ನಿಜವಾಗಿ ಜೀರ್ಣವಾಗುವುದು ಹಿಂಬದಿಯಲ್ಲಿ, ಸಣ್ಣ ಕರುಳನ್ನು ದಾಟಿದ ಮೇಲೆ. ಅಲ್ಲಿ ಸೀಕಮ್ ಎಂಬ ದೊಡ್ಡ ಚೀಲವೂ ಅದರ ಮುಂದೆ ಮಡಿಕೆಮಡಿಕೆಯಾಗಿ ಕೂತ ದೊಡ್ಡ ಕರುಳೂ ಸೇರಿ ಇಡೀ ಪಚನಾಂಗದ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸಿವೆ. ಇಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯೋನಿಕ್, ಬ್ಯೂಟಿರಿಕ್ ಎಂಬ ಆಮ್ಲಗಳನ್ನಾಗಿ ಮಾರ್ಪಡಿಸುತ್ತವೆ. ಹುಲ್ಲನ್ನೇ ನೆಚ್ಚಿದ ಕುದುರೆಗೆ ಶಕ್ತಿಯ ಹೆಚ್ಚಿನ ಪಾಲು ಇವುಗಳಿಂದಲೇ ಬರುತ್ತದೆ. ಪಿಷ್ಟವನ್ನು ಅರಗಿಸುವ ಕೆಲಸ ಸಣ್ಣ ಕರುಳಿನದು, ಮತ್ತು ಅದರ ಶಕ್ತಿಗೆ ಮಿತಿಯುಂಟು. ಒಂದೇ ಹೊತ್ತಿಗೆ ಹೆಚ್ಚು ಧಾನ್ಯ ಬಿದ್ದರೆ ಅರಗದ ಪಿಷ್ಟ ಹಿಂಗರುಳಿಗೆ ಜಾರಿ, ಅಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚಿ, ನಾರನ್ನು ಅರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಹೊಟ್ಟೆಶೂಲೆ, ಮತ್ತು ಗೊರಸಿನ ಒಳಪದರ ಉರಿದು ಕುದುರೆ ಕಾಲೂರಲಾರದಂತಾಗುವ ಲ್ಯಾಮಿನೈಟಿಸ್ ಎಂಬ ರೋಗ ಇದರಿಂದ ಬರಬಹುದು. ಹುಲ್ಲಿಗೆ ಬದಲು ಧಾನ್ಯವೆಂಬ ಸುಲಭ ದಾರಿ ಅಪಾಯಕರವಾಗಿರುವುದು ಈ ಕಾರಣದಿಂದ.

ಹುಲ್ಲು ಬಿಡಲು ಕಾರಣಗಳು

ಎಲ್ಲಕ್ಕಿಂತ ಮೊದಲು ಹುಲ್ಲನ್ನೇ ಪರೀಕ್ಷಿಸಬೇಕು. ಬಲಿತು ಕಡ್ಡಿಗಟ್ಟಿದ್ದು, ಮಳೆಗೆ ನೆನೆದು ಬಣವೆಯಲ್ಲಿ ಬಿಸಿಯೇರಿ ಬೂಷ್ಟು ಹಿಡಿದದ್ದು, ದೂಳು ತುಂಬಿದ್ದು ಕುದುರೆಗೆ ಒಗ್ಗದು. ಅದರ ಮೂಗು ಮನುಷ್ಯನ ಮೂಗಿಗಿಂತ ಬಹಳ ಚುರುಕು. ನೀರು ಸಾಲದಾದಾಗಲೂ ಕುದುರೆ ಒಣ ಮೇವನ್ನು ಕಡಿಮೆ ಮಾಡುತ್ತದೆ. ದೊಡ್ಡ ಕುದುರೆಗೆ ತಂಪು ಹವೆಯಲ್ಲಿ, ಕೆಲಸವಿಲ್ಲದ ದಿನವೂ 25 ಲೀಟರಿಗೆ ಕಡಿಮೆಯಿಲ್ಲದಷ್ಟು ನೀರು ಬೇಕು, ಬೇಸಿಗೆಯಲ್ಲಿ ದುಡಿಯುವ ಪ್ರಾಣಿಗೆ ಇನ್ನೂ ಬಹಳ ಹೆಚ್ಚು.

ಹುಲ್ಲು ಚೆನ್ನಾಗಿದ್ದೂ ಕುದುರೆ ಬಿಡುತ್ತಿದ್ದರೆ ನೋಡಬೇಕಾದದ್ದು ಬಾಯಿ. ಕುದುರೆಯ ದವಡೆ ಹಲ್ಲುಗಳು ಇಪ್ಪತ್ತನಾಲ್ಕು. ಇವು ವರ್ಷಕ್ಕೆ 2ರಿಂದ 3 ಮಿ.ಮೀ.ನಷ್ಟು ಒಸಡಿನಿಂದ ಮೇಲೇರುತ್ತ, ಜಗಿತದಲ್ಲಿ ಅಷ್ಟೇ ಸವೆಯುತ್ತ ಹೋಗುತ್ತವೆ. ಮೇಲ್ದವಡೆ ಕೆಳದವಡೆಗಿಂತ ಅಗಲವಾಗಿರುವುದರಿಂದ ಸವೆತ ಒಂದೇ ಸಮನಾಗಿರದು. ಮೇಲಿನ ಹಲ್ಲುಗಳ ಕೆನ್ನೆಯ ಬದಿಯ ಅಂಚೂ ಕೆಳಗಿನ ಹಲ್ಲುಗಳ ನಾಲಿಗೆಯ ಬದಿಯ ಅಂಚೂ ಚೂಪಾಗಿ ನಿಂತು ಪ್ರತಿ ಜಗಿತಕ್ಕೂ ಬಾಯನ್ನು ಗೀರುತ್ತವೆ. ನಾರಿನ ಮೇವನ್ನು ಜಗಿಯಲು ದವಡೆ ಪಕ್ಕಕ್ಕೆ ವಿಶಾಲವಾಗಿ ಆಡಬೇಕು, ಧಾನ್ಯಕ್ಕೆ ಅಷ್ಟು ಬೇಡ. ಹಾಗಾಗಿ ಹಲ್ಲುನೋವಿನ ಕುದುರೆ ಕಾಳನ್ನು ತಿಂದು ಹುಲ್ಲನ್ನು ಬಿಡುತ್ತದೆ. ಗೋದಲಿಯ ಬಳಿ ಅರೆಜಗಿದ ಹುಲ್ಲಿನ ಒದ್ದೆ ಉಂಡೆಗಳು ಬಿದ್ದಿರುವುದು, ತಲೆಯನ್ನು ಒಂದು ಬದಿಗೆ ವಾಲಿಸಿ ಜಗಿಯುವುದು, ಬಾಯಿಂದ ದುರ್ವಾಸನೆ, ಲದ್ದಿಯಲ್ಲಿ ಉದ್ದುದ್ದ ಹುಲ್ಲಿನ ಎಳೆಗಳು ಮತ್ತು ಇಡಿಯ ಕಾಳುಗಳು ಕಾಣಿಸುವುದು ಇದರ ಗುರುತುಗಳು. ವಯಸ್ಸು ಇಪ್ಪತ್ತೈದನ್ನು ಸಮೀಪಿಸಿದ ಕುದುರೆಯಲ್ಲಿ ಹಲ್ಲಿನ ಉಳಿಕೆಯೇ ಮುಗಿಯುತ್ತ ಬಂದು, ಅರೆಯುವ ಮೇಲ್ಮೈ ನುಣುಪಾಗಿ, ಹಲ್ಲು ಸಡಿಲವಾಗಿರುತ್ತದೆ. ಚೂಪು ಅಂಚುಗಳನ್ನು ಪಶುವೈದ್ಯರು ಅರದಿಂದ ಉಜ್ಜಿ ಸರಿಪಡಿಸಬಲ್ಲರು, ಆದರೆ ಸವೆದು ಮುಗಿದ ಹಲ್ಲನ್ನು ಯಾರೂ ಮರಳಿ ತರಲಾರರು. ಮಂಪರು ಬರಿಸುವ ಮದ್ದು ಕೊಟ್ಟು, ಬಾಯಿ ತೆರೆದಿಡುವ ಉಪಕರಣ ತೊಡಿಸಿ, ದೀಪದ ಬೆಳಕಿನಲ್ಲಿ ಹಿಂದಿನ ಹಲ್ಲುಗಳವರೆಗೆ ನೋಡಿದರಷ್ಟೇ ಪರೀಕ್ಷೆ ಪೂರ್ಣವಾದಂತೆ. ತುಟಿ ಎತ್ತಿ ಮುಂದಿನ ಹಲ್ಲನ್ನು ನೋಡುವುದರಿಂದ ಏನೂ ತಿಳಿಯದು.

ಜಠರದ ಹುಣ್ಣು ಇನ್ನೊಂದು ದೊಡ್ಡ ಕಾರಣ. ಓಟದ ಕುದುರೆಗಳಲ್ಲಿ ಇದು ಬಹಳ ಸಾಮಾನ್ಯವಾಗಿದ್ದು, ಹೆಚ್ಚು ಧಾನ್ಯ, ಕಡಿಮೆ ಹುಲ್ಲು, ಬರಿಹೊಟ್ಟೆಯ ಓಟ, ದಿನವಿಡೀ ಲಾಯವಾಸ ಇವೆಲ್ಲ ಸೇರಿ ಅದಕ್ಕೆ ನೆಲ ಹದಮಾಡುತ್ತವೆ. ಹುಣ್ಣಿರುವ ಕುದುರೆ ಸಾಮಾನ್ಯವಾಗಿ ಮೊದಲು ಕಾಳನ್ನು ಬಿಡುತ್ತದೆ, ಆಮೇಲೆ ಹುಲ್ಲನ್ನು. ಹಲ್ಲಿನ ತೊಂದರೆಯಲ್ಲಿ ಕ್ರಮ ತಿರುಗಾಮುರುಗ ಎಂಬುದನ್ನು ಲಾಯದ ಆಳು ಗಮನಿಸಿ ಹೇಳಿದರೆ ವೈದ್ಯರ ಅರ್ಧ ಕೆಲಸ ಹಗುರಾಗುತ್ತದೆ. ಹುಣ್ಣು ಖಚಿತವಾಗುವುದು ಜಠರದೊಳಗೆ ದರ್ಶಕ ನಳಿಕೆಯನ್ನು ಇಳಿಸಿ ನೋಡಿದಾಗ. ಆಮ್ಲವನ್ನು ತಗ್ಗಿಸುವ ಒಮೆಪ್ರಜೋಲ್ ಇದರ ಮುಖ್ಯ ಔಷಧ. ಕುಂಟುವ ಕುದುರೆಗೆ ಬಹುಕಾಲ ಕೊಡುವ ಫಿನೈಲ್‌ಬ್ಯೂಟಜೋನ್‌ನಂಥ ನೋವುಶಾಮಕಗಳೂ ಜಠರ ಮತ್ತು ದೊಡ್ಡ ಕರುಳಿನಲ್ಲಿ ಹುಣ್ಣು ಮಾಡಬಲ್ಲವು.

ದೂಳಿಗೆ ಕೆಮ್ಮುವ ಉಬ್ಬಸದ ಕುದುರೆ ಉಸಿರಾಟದ ಕಷ್ಟದಿಂದ ಹುಲ್ಲನ್ನು ದೂರವಿಡಬಹುದು. ಹದಿನೈದು ದಾಟಿದ ಪ್ರಾಣಿಗಳಲ್ಲಿ ಪಿಟ್ಯುಟರಿ ಗ್ರಂಥಿಯ ದೋಷದಿಂದ ಮೈಮೇಲಿನ ಕೂದಲು ಉದುರದೆ ಉದ್ದ ಬೆಳೆದು, ಬೆನ್ನಿನ ಮಾಂಸ ಕರಗುವ ಕಾಯಿಲೆಯೊಂದುಂಟು. ಹುಳುಬಾಧೆಯೂ ಎಣಿಕೆಯಲ್ಲಿರಬೇಕು. ಭಾರತದಲ್ಲಿ ಇವುಗಳ ಜೊತೆಗೆ ಸರ್ರಾ ರೋಗವನ್ನು ಮರೆಯುವಂತಿಲ್ಲ: ಕುದುರೆನೊಣಗಳ ಕಡಿತದಿಂದ ಹರಡುವ ಟ್ರಿಪನೊಸೋಮ ಇವಾನ್ಸಿ ಎಂಬ ರಕ್ತದ ಪರೋಪಜೀವಿ, ಬಂದು ಹೋಗುವ ಜ್ವರ, ರಕ್ತಹೀನತೆ, ಕಾಲು ಮತ್ತು ಹೊಟ್ಟೆಯಡಿಯ ಬಾವುಗಳೊಂದಿಗೆ ಕುದುರೆಯನ್ನು ಸೊರಗಿಸುತ್ತದೆ, ಮತ್ತು ಎಷ್ಟು ಮೇವು ಹಾಕಿದರೂ ಆ ಸೊರಗು ನಿಲ್ಲುವುದಿಲ್ಲ.

ಹುಲ್ಲನ್ನಷ್ಟೇ ಅಲ್ಲ, ಎಲ್ಲ ಆಹಾರವನ್ನೂ ಬಿಟ್ಟ ಪ್ರಾಣಿಯ ಸ್ಥಿತಿ ಬೇರೆ. ಕತ್ತೆ, ಚಿಕ್ಕ ತಳಿಯ ತಟ್ಟು, ಗಬ್ಬದ ಹೆಣ್ಣುಕುದುರೆ ಇವು ಒಂದೆರಡು ದಿನ ಉಪವಾಸವಿದ್ದರೂ ಮೈಯ ಕೊಬ್ಬು ಒಮ್ಮೆಲೇ ಕರಗಿ ರಕ್ತಕ್ಕೆ ಹರಿದು, ಯಕೃತ್ತು ಕೆಟ್ಟು ಸಾಯಬಹುದು. ಅಲ್ಲಿ ಮೇವಿನ ಪ್ರಯೋಗಕ್ಕೆ ಸಮಯವಿರುವುದಿಲ್ಲ, ವೈದ್ಯರು ಅದೇ ದಿನ ಬರಬೇಕು.

ತೂಕದ ಅಳತೆ

ದಿನವೂ ನೋಡುವ ಕಣ್ಣಿಗೆ ನಿಧಾನವಾದ ಇಳಿತ ಕಾಣಿಸದು. ತಕ್ಕಡಿಯಿಲ್ಲದ ಕಡೆ ಟೇಪಿನಿಂದ ಅಳೆದು ತೂಕವನ್ನು ಅಂದಾಜು ಮಾಡುವ ಕ್ರಮವಿದೆ: ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು, ಅದರ ವರ್ಗವನ್ನು ಹೆಗಲ ಮೂಳೆಯ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೊಗ್ರಾಮಿನಲ್ಲಿ ತೂಕ ದೊರೆಯುತ್ತದೆ. ಸುತ್ತಳತೆ 180, ಉದ್ದ 165 ಸೆಂ.ಮೀ. ಇದ್ದರೆ ತೂಕ 450 ಕಿ.ಗ್ರಾಂ. ಇದರೊಂದಿಗೆ ಬಳಸುವ ಇನ್ನೊಂದು ಅಳತೆ, ಅಮೆರಿಕದ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದಲ್ಲಿ ಡಾನ್ ಹೆನ್ನೆಕಿ ರೂಪಿಸಿ 1983ರಲ್ಲಿ ಪ್ರಕಟಿಸಿದ ಒಂದರಿಂದ ಒಂಬತ್ತರವರೆಗಿನ ಮೈಕಟ್ಟಿನ ಅಂಕಪಟ್ಟಿ. ಕತ್ತು, ಹೆಗಲೇಣು, ಭುಜದ ಹಿಂಭಾಗ, ಪಕ್ಕೆಲುಬು, ಸೊಂಟ, ಬಾಲದ ಬುಡ ಈ ಆರು ಕಡೆ ಕೈಯಿಂದ ಮುಟ್ಟಿ ಕೊಬ್ಬನ್ನು ಅಂದಾಜು ಮಾಡಬೇಕು. ಪಕ್ಕೆಲುಬು ಕಣ್ಣಿಗೆ ಕಾಣದೆ ಬೆರಳಿಗೆ ಸಿಗುವಂತಿದ್ದರೆ ಅಂಕ 5. ಕೈಯಿಟ್ಟು ನೋಡುವುದು ಇಲ್ಲಿ ಮುಖ್ಯ, ಏಕೆಂದರೆ ಉದ್ದ ಕೂದಲೂ ಹುಳುಗಳಿಂದ ಉಬ್ಬಿದ ಹೊಟ್ಟೆಯೂ ಕಣ್ಣನ್ನು ವಂಚಿಸುತ್ತವೆ.

ಒಂದು ಅಂಕ ಮೇಲೇರಲು 500 ಕಿ.ಗ್ರಾಂ. ಕುದುರೆ 16ರಿಂದ 20 ಕಿಲೊ ತೂಕ ಗಳಿಸಬೇಕು. ಕೆಲಸವಿಲ್ಲದ ಅಂಥ ಕುದುರೆಗೆ ಇದ್ದ ತೂಕವನ್ನು ಉಳಿಸಿಕೊಳ್ಳಲೇ ದಿನಕ್ಕೆ ಸುಮಾರು 16,700 ಕಿಲೊಕ್ಯಾಲರಿ ಬೇಕು, ಎಂದರೆ ಎಂಟು ಕಿಲೊಗಿಂತ ಸ್ವಲ್ಪ ಹೆಚ್ಚು ಒಳ್ಳೆಯ ಒಣಹುಲ್ಲು. ಅದರ ಮೇಲೆ ಐದನೆಯ ಒಂದು ಭಾಗದಷ್ಟು ಹೆಚ್ಚಿಗೆ ಕೊಟ್ಟರೂ ಒಂದು ಅಂಕ ಏರಲು ಮೂರು, ನಾಲ್ಕು ತಿಂಗಳು ಹಿಡಿಯುತ್ತದೆ. ಎರಡೇ ವಾರದಲ್ಲಿ ಫಲ ಕಾಣಲಿಲ್ಲವೆಂದು ಮೇವನ್ನು ಮತ್ತೆ ಮತ್ತೆ ಬದಲಿಸುವುದರಿಂದ ಹಾನಿ ಹೆಚ್ಚು. ಮೇವಿನ ಪ್ರತಿ ಬದಲಾವಣೆಗೂ ಹಿಂಗರುಳಿನ ಸೂಕ್ಷ್ಮಜೀವಿಗಳು ಹೊಂದಿಕೊಳ್ಳಲು ಏಳರಿಂದ ಹತ್ತು ದಿನಗಳಾದರೂ ಬೇಕು.

ಹುಲ್ಲಿಗೆ ಬದಲಿ ನಾರು

ದಿನಕ್ಕೆ ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡರಷ್ಟು ಒಣತೂಕದ ನಾರುಮೇವು ಕುದುರೆಗೆ ಬೇಕು ಎಂಬುದು ಪೋಷಣಶಾಸ್ತ್ರದ ಸಾಮಾನ್ಯ ನಿಯಮ. 500 ಕಿ.ಗ್ರಾಂ. ಪ್ರಾಣಿಗೆ ಇದು ಏಳೂವರೆಯಿಂದ ಹತ್ತು ಕಿಲೊ. ಹಸಿಹುಲ್ಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರಿರುವುದರಿಂದ, ಬರೀ ಹಸಿರಿನಿಂದ ಕನಿಷ್ಠ ಅಳತೆಯನ್ನು ತುಂಬಿಸಲು 37 ಕಿಲೊಗೂ ಹೆಚ್ಚು ಹುಲ್ಲು ಬೇಕಾಗುತ್ತದೆ. ಬೆಳಗ್ಗೆ ಒಂದು, ಸಂಜೆ ಒಂದು ಕಟ್ಟು ಗರಿಕೆ ತಂದು ಹಾಕಿದರೆ ಸಾಲದು. ಆದರೂ ಎಳೆಯ ಹಸಿಹುಲ್ಲು ಹಲ್ಲು ಸವೆದ ಕುದುರೆಗೂ ಜಗಿಯಲು ಸುಲಭ, ಮತ್ತು ಬಿಟ್ಟು ಮೇಯಿಸಲು ಜಾಗವಿದ್ದರೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

ಜಗಿಯಲಾರದ ಕುದುರೆಗೆ ಹುಲ್ಲನ್ನು ಯಂತ್ರವೇ ಅರೆದು ಕೊಡುವ ರೂಪಗಳು ಗುಳಿಗೆ ಮತ್ತು ಇಟ್ಟಿಗೆ. ಒಣಗಿದ ಕುದುರೆಮಸಾಲೆ ಸೊಪ್ಪನ್ನು, ಎಂದರೆ ಲೂಸರ್ನ್ ಮೇವನ್ನು, ಅಥವಾ ಹುಲ್ಲನ್ನು ಪುಡಿಮಾಡಿ ಒತ್ತಿ ತಯಾರಿಸಿದ ಇವನ್ನು ಒಂದಕ್ಕೆ ಎರಡು ಮೂರು ಪಾಲು ನೀರಿನಲ್ಲಿ ನೆನೆಸಿ, ಪೂರ್ತಿ ಉಬ್ಬಿ ಒಡೆದ ಮೇಲೆ ಅಂಬಲಿಗಿಂತ ಗಟ್ಟಿಯಾದ ಹದದಲ್ಲಿ ಕೊಡಬೇಕು. ನೆನೆಸದೆ ಕೊಟ್ಟರೆ, ಅದರಲ್ಲೂ ಹಸಿದು ಆತುರದಿಂದ ನುಂಗುವ ಪ್ರಾಣಿಯಲ್ಲಿ, ಮೇವು ಅನ್ನನಾಳದಲ್ಲಿ ಕಟ್ಟಿಕೊಂಡು ಮೂಗಿನಿಂದ ಜೊಲ್ಲು ಮತ್ತು ಮೇವು ಹೊರಬರುವ ಅಪಾಯವುಂಟು. ತೂಕಕ್ಕೆ ತೂಕ ಲೆಕ್ಕ ಹಾಕಬೇಕು: ಬಿಟ್ಟ ಹುಲ್ಲು ಏಳು ಕಿಲೊ ಆದರೆ ಒಣ ಗುಳಿಗೆಯೂ ಏಳು ಕಿಲೊ, ನಾಲ್ಕರಿಂದ ಆರು ಹೊತ್ತಿಗೆ ಹಂಚಿದ್ದು. ರಾತ್ರಿಯ ಒಂದು ಹೊತ್ತು ಬಿಡಬಾರದು. ನಮ್ಮ ಬೇಸಿಗೆಯಲ್ಲಿ ನೆನೆಸಿದ ಮೇವು ಕೆಲವೇ ಗಂಟೆಗಳಲ್ಲಿ ಹುಳಿಯುವುದರಿಂದ ಒಂದು ಹೊತ್ತಿನದನ್ನು ಇನ್ನೊಂದು ಹೊತ್ತಿಗೆ ಉಳಿಸದೆ ಬಕೆಟ್ಟನ್ನು ತೊಳೆದಿಡಬೇಕು.

ಯುರೋಪ್, ಅಮೆರಿಕಗಳಲ್ಲಿ ಇದೇ ಕೆಲಸಕ್ಕೆ ಸಕ್ಕರೆ ಬೀಟ್‌ನ ತಿರುಳು ಹೆಸರಾಗಿದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಈ ತಿರುಳಿನ ನಾರು ಹಿಂಗರುಳಿನಲ್ಲಿ ಚೆನ್ನಾಗಿ ಹುದುಗಿ, ಒಣಹುಲ್ಲಿಗಿಂತ ಹೆಚ್ಚು, ಓಟ್ಸ್‌ಗಿಂತ ಸ್ವಲ್ಪವೇ ಕಡಿಮೆ ಶಕ್ತಿಯನ್ನು ಪಿಷ್ಟದ ಅಪಾಯವಿಲ್ಲದೆ ಕೊಡುತ್ತದೆ. ಭಾರತದಲ್ಲಿ ಸಕ್ಕರೆ ಕಬ್ಬಿನಿಂದ ತಯಾರಾಗುವುದರಿಂದ ಅದು ಇಲ್ಲಿ ಸುಲಭವಾಗಿ ಸಿಗದು. ಕಬ್ಬಿನ ಸಿಪ್ಪೆಯನ್ನು ಅದರ ಬದಲಿಯೆಂದು ಭಾವಿಸಬಾರದು, ಅದು ಲಿಗ್ನಿನ್ ತುಂಬಿದ, ಅರಗದ ನಾರು. ಸೋಯಾ ಕಾಳಿನ ಹೊಟ್ಟು ಬೀಟ್ ತಿರುಳಿಗೆ ಹತ್ತಿರದ ಗುಣವುಳ್ಳದ್ದು.

ಹಲ್ಲು ಗಟ್ಟಿಯಿದ್ದು ದೂಳಿನಿಂದ ಅಥವಾ ರುಚಿಯಿಂದ ಹುಲ್ಲು ಬಿಡುವ ಕುದುರೆಗೆ ಹುಲ್ಲನ್ನು ಹತ್ತು ನಿಮಿಷ ನೀರಿನಲ್ಲಿ ಅದ್ದಿ ಕೊಡುವುದೇ ಸಾಕಾಗಬಹುದು. ಗಂಟೆಗಟ್ಟಲೆ ನೆನೆಸಿದರೆ ಸಕ್ಕರೆಯೂ ಖನಿಜಗಳೂ ತೊಳೆದುಹೋಗುತ್ತವೆ. ಕೊಬ್ಬಿದ ಕುದುರೆಗೆ ಅದು ಒಳ್ಳೆಯದು, ಬಡಕಲಿಗೆ ನಷ್ಟ. ಹುಲ್ಲನ್ನು ತೀರ ಸಣ್ಣಗೆ ಕತ್ತರಿಸಿ ಹಾಕುವ ರೂಢಿಯಲ್ಲಿಯೂ ತೊಂದರೆಯಿದೆ, ಏಕೆಂದರೆ ಆತುರದ ಕುದುರೆ ಅದನ್ನು ಜಗಿಯದೆಯೇ ನುಂಗುತ್ತದೆ.

ಕ್ಯಾಲ್ಸಿಯಂನ ಕೊರತೆ

ಬದಲಿ ಮೇವಿನಲ್ಲಿ ಕ್ಯಾಲ್ಸಿಯಂ ಮತ್ತು ರಂಜಕಗಳ ಪ್ರಮಾಣ ಕೆಡುವುದು ಉಷ್ಣವಲಯದಲ್ಲಿ ಹೆಚ್ಚು ಎಚ್ಚರ ಬೇಡುವ ವಿಷಯ, ಮತ್ತು ನಮ್ಮಲ್ಲಿ ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಕುದುರೆಯ ಆಹಾರದಲ್ಲಿ ಕ್ಯಾಲ್ಸಿಯಂ ರಂಜಕಕ್ಕಿಂತ ಎಂದೂ ಕಡಿಮೆಯಿರಬಾರದು. ಹುಲ್ಲು ಬಿಟ್ಟ ಕುದುರೆಗೆ ಮೊದಲು ನೆನಪಾಗುವ ಗೋಧಿ ಬೂಸಾ ಮತ್ತು ಅಕ್ಕಿ ತೌಡುಗಳಲ್ಲಿ ರಂಜಕ ಕ್ಯಾಲ್ಸಿಯಂನ ಹತ್ತುಪಟ್ಟಿನಷ್ಟೋ ಅದಕ್ಕೂ ಹೆಚ್ಚೋ ಇರುತ್ತದೆ. ವಾರಗಟ್ಟಲೆ ಇವನ್ನೇ ಬಕೆಟ್ ತುಂಬ ಕೊಟ್ಟರೆ ದೇಹ ತನ್ನ ಮೂಳೆಗಳಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಮುಖದ ಮೂಳೆಗಳು ಮೆತ್ತಗಾಗಿ ಊದುತ್ತವೆ, ಕುದುರೆ ಕಾರಣ ತಿಳಿಯದಂತೆ ಕುಂಟುತ್ತದೆ, ಹಲ್ಲುಗಳು ಸಡಿಲವಾಗಿ ಜಗಿತ ಇನ್ನಷ್ಟು ಕೆಡುತ್ತದೆ. ಧಾನ್ಯ ಬೀಸುವ ಗಿರಣಿಗಳ ಬೂಸಾ ತಿಂದ ಕುದುರೆಗಳಲ್ಲಿ ಕಂಡದ್ದರಿಂದ ಯುರೋಪಿನಲ್ಲಿ ಇದಕ್ಕೆ ಗಿರಣಿಯವನ ರೋಗವೆಂದೇ ಹೆಸರಿತ್ತು.

ಕರ್ನಾಟಕದ ಹೈನುಗಾರಿಕೆಯಲ್ಲಿ ಎಲ್ಲೆಲ್ಲೂ ಬೆಳೆಯುವ ನೇಪಿಯರ್ ಹುಲ್ಲು ಮತ್ತು ಸಿಟೇರಿಯದಂಥ ಉಷ್ಣವಲಯದ ಹುಲ್ಲುಗಳಲ್ಲಿ ಆಕ್ಸಲೇಟ್ ಎಂಬ ವಸ್ತುವಿದ್ದು, ಅದು ಇರುವ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕಿ ಮೈಗೆ ಹತ್ತದಂತೆ ಮಾಡುತ್ತದೆ. ದನದ ಮೆಲುಕುಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆಯುವುದರಿಂದ ದನಕ್ಕೆ ಆಗದ ಹಾನಿ ಕುದುರೆಗೆ ಆಗುತ್ತದೆ. ನೇಪಿಯರ್ ಹುಲ್ಲು, ಜೊತೆಗೆ ಬೂಸಾ ಎಂಬ ಜೋಡಣೆ ಹೀಗೆ ಎರಡು ಕಡೆಯಿಂದ ಹೊಡೆತ ಕೊಡುತ್ತದೆ. ಕ್ಯಾಲ್ಸಿಯಂ ಸಮೃದ್ಧವಾಗಿರುವ ಕುದುರೆಮಸಾಲೆ ಇದಕ್ಕೆ ಸಹಜವಾದ ಪರಿಹಾರ. ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ಪ್ರೋಟೀನು ಅದರಲ್ಲಿರುವುದರಿಂದ ಕರಗಿದ ಮಾಂಸವೂ ತುಂಬುತ್ತದೆ, ಜಠರದ ಆಮ್ಲವೂ ತಣಿಯುತ್ತದೆ. ಹೊಸದಾಗಿ ಕೊಯ್ದ ಸೊಪ್ಪನ್ನು ಸ್ವಲ್ಪ ಬಾಡಿಸಿ, ಸ್ವಲ್ಪಸ್ವಲ್ಪವಾಗಿ ರೂಢಿಮಾಡಿಸಬೇಕು, ಇಲ್ಲವಾದರೆ ಹೊಟ್ಟೆಯಲ್ಲಿ ಗಾಳಿ ತುಂಬೀತು. ಉತ್ತರ ಕರ್ನಾಟಕದಲ್ಲಿ ಸುಲಭವಾಗಿ ಸಿಗುವ ಹಸಿ ಜೋಳದ ಮೇವನ್ನು ಮಾತ್ರ ಕುದುರೆಗೆ ಹಾಕಬಾರದು. ದೀರ್ಘಕಾಲ ಅದನ್ನು ತಿಂದ ಕುದುರೆಗಳಲ್ಲಿ ಬೆನ್ನುಹುರಿ ಹಾಳಾಗಿ, ಹಿಂಗಾಲುಗಳು ಓಲಾಡಿ, ಮೂತ್ರ ತೊಟ್ಟಿಕ್ಕುತ್ತಿರುವ ರೋಗ ಕಂಡುಬರುತ್ತದೆ.

ಎಣ್ಣೆ, ಧಾನ್ಯ, ಹುರುಳಿ

ನಾರಿನ ಅಳತೆ ತುಂಬಿದ ಮೇಲೂ ತೂಕ ಏರದಿದ್ದರೆ ಎಣ್ಣೆಯನ್ನು ಸೇರಿಸಬಹುದು. ಕಾಲು ಲೀಟರ್ ಅಡುಗೆ ಎಣ್ಣೆಯಲ್ಲಿ ಸುಮಾರು 2,000 ಕಿಲೊಕ್ಯಾಲರಿ ಇದ್ದು, ಅದು ಒಂದು ಕಿಲೊ ಒಣಹುಲ್ಲಿನ ಶಕ್ತಿಗೆ ಸಮ. ಕುದುರೆಗೆ ಪಿತ್ತಕೋಶವಿಲ್ಲದಿದ್ದರೂ ಪಿತ್ತ ನಿರಂತರವಾಗಿ ಹರಿಯುವುದರಿಂದ ಅದು ಎಣ್ಣೆಯನ್ನು ಚೆನ್ನಾಗಿ ಅರಗಿಸಿಕೊಳ್ಳುತ್ತದೆ. ದಿನಕ್ಕೆ ಎರಡು ಮೂರು ಚಮಚೆಯಿಂದ ಆರಂಭಿಸಿ ಎರಡು ಮೂರು ವಾರಗಳಲ್ಲಿ ಏರಿಸಬೇಕು. ಲದ್ದಿ ಜಿಡ್ಡಾದರೆ ಹೆಚ್ಚಾಯಿತೆಂದು ತಿಳಿಯಬೇಕು. ಎಣ್ಣೆ ಹೆಚ್ಚಿದಂತೆ ವಿಟಮಿನ್ ಇ ಕೂಡ ಹೆಚ್ಚಬೇಕಾಗುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಅಶ್ವಾಧ್ಯಕ್ಷನ ಪ್ರಕರಣದಲ್ಲಿ ಕುದುರೆಯ ದಿನದ ಪಡಿಯಲ್ಲಿ ಧಾನ್ಯ, ಉಪ್ಪುಗಳೊಂದಿಗೆ ಎಣ್ಣೆಯೂ ಅಳತೆಸಹಿತ ಸೇರಿರುವುದನ್ನು ನೋಡಿದರೆ ಈ ತಿಳಿವು ಎಷ್ಟು ಹಳೆಯದೆಂಬುದು ಗೊತ್ತಾಗುತ್ತದೆ.

ಧಾನ್ಯವನ್ನು ಪೂರ್ತಿ ಬಿಡಬೇಕಿಲ್ಲ, ಒಂದು ಹೊತ್ತಿನ ಮಿತಿಯನ್ನು ಮೀರಬಾರದು. ಮೈತೂಕದ ಪ್ರತಿ ಕಿಲೊಗೆ ಒಂದು ಗ್ರಾಮಿಗಿಂತ ಹೆಚ್ಚು ಪಿಷ್ಟ ಒಂದು ಹೊತ್ತಿಗೆ ಬೀಳದಂತೆ ನೋಡಿಕೊಳ್ಳುವುದು ಕ್ಷೇಮ, 500 ಕಿ.ಗ್ರಾಂ. ಕುದುರೆಗೆ ಓಟ್ಸ್ ಆದರೆ ಒಂದು ಕಿಲೊ ಚಿಲ್ಲರೆ, ಮೆಕ್ಕೆಜೋಳವಾದರೆ ಮುಕ್ಕಾಲು ಕಿಲೊಗೂ ಕಡಿಮೆ. ದಕ್ಷಿಣ ಭಾರತದಲ್ಲಿ ಕುದುರೆಯ ಕಾಳೆಂದರೆ ಹುರುಳಿ. ಇಂಗ್ಲಿಷಿನವರು ಇದಕ್ಕೆ ಕುದುರೆಯ ಕಾಳು ಎಂಬರ್ಥದ ಹೆಸರನ್ನೇ ಕೊಟ್ಟರು. ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಪ್ರೋಟೀನಿರುವ ಈ ಕಾಳು ಮಾಂಸ ತುಂಬಲು ಒಳ್ಳೆಯದು, ಆದರೆ ಹಸಿಯದರಲ್ಲಿ ಪ್ರೋಟೀನ್ ಅರಗುವುದನ್ನು ತಡೆಯುವ ವಸ್ತುಗಳಿವೆ. ಹುರುಳಿಯನ್ನು ಬೇಯಿಸಿಯೇ ಕೊಡುವ ಹಿಂದಿನವರ ರೂಢಿ ಈ ವಸ್ತುಗಳನ್ನು ಕಳೆಯುತ್ತದೆ, ಮತ್ತು ಹಲ್ಲಿಲ್ಲದ ಕುದುರೆಗೂ ಕಾಳು ಸಲ್ಲುವಂತೆ ಮಾಡುತ್ತದೆ. ಅಕ್ಕಿ ತೌಡಿನ ಕೊಬ್ಬು ಬೇಗ ಕಮಟುವುದರಿಂದ ತಾಜಾ ಇದ್ದಾಗಲೇ, ಅಲ್ಪವಾಗಿ, ಕ್ಯಾಲ್ಸಿಯಂ ಸೇರಿಸಿ ಬಳಸಬೇಕು.

ತೀರ ಸೊರಗಿದ ಕುದುರೆ

ಅಂಕ ಒಂದು, ಎರಡಕ್ಕೆ ಇಳಿದು ಎಲುಬಿನ ಗೂಡಾದ ಕುದುರೆಗೆ ಕರುಣೆಯಿಂದ ಒಮ್ಮೆಲೇ ಹೊಟ್ಟೆತುಂಬ ಕಾಳು ಹಾಕಿದರೆ ಅದು ಕೆಲವೇ ದಿನಗಳಲ್ಲಿ ಸಾಯಬಹುದು. ಪಿಷ್ಟದಿಂದ ಉಕ್ಕುವ ಇನ್ಸುಲಿನ್ ರಕ್ತದಲ್ಲಿ ಅಳಿದುಳಿದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಜೀವಕೋಶಗಳೊಳಕ್ಕೆ ತಳ್ಳಿಬಿಡುವುದರಿಂದ ಹೃದಯ ಮತ್ತು ಉಸಿರಾಟ ಸೋಲುತ್ತವೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಕ್ಯಾರೊಲಿನ್ ಸ್ಟಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳಲ್ಲಿ ಇಂಥ ಕುದುರೆಗಳಿಗೆ ಪಿಷ್ಟ ಕಡಿಮೆಯೂ ಪ್ರೋಟೀನ್, ಮೆಗ್ನೀಸಿಯಂ ಹೆಚ್ಚೂ ಇರುವ ಲೂಸರ್ನ್ ಅತ್ಯಂತ ಸುರಕ್ಷಿತವೆಂದು ಕಂಡುಬಂದಿದೆ. ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ ಅರ್ಧ ಕಿಲೊದಂತೆ ಕೊಟ್ಟು, ಆಮೇಲೆ ಪ್ರಮಾಣವನ್ನು ಏರಿಸುತ್ತ ಹೊತ್ತುಗಳನ್ನು ಕಡಿಮೆ ಮಾಡಿ, ಹತ್ತು ದಿನಗಳ ನಂತರವೇ ಬೇಕಾದಷ್ಟು ತಿನ್ನಲು ಬಿಡುವುದು ಅಲ್ಲಿಯ ಕ್ರಮ.

ಹಲ್ಲು ಸರಿಪಡಿಸಿದ, ಹುಣ್ಣು ಮಾಗಿದ ಕುದುರೆ ಹಲವು ಬಾರಿ ತಾನಾಗಿಯೇ ಹುಲ್ಲಿಗೆ ಮರಳುತ್ತದೆ. ಬಾಯಿ ನೋಯುತ್ತಿದ್ದ ಕಾಲದ ನೆನಪಿನಿಂದ ಕೆಲವು ದಿನ ಹಿಂಜರಿಯುವ ಪ್ರಾಣಿಗೆ ಎಲೆ ಹೆಚ್ಚಿರುವ ಎಳೆಯ ಹುಲ್ಲಿನ ಮೇಲೆ ಬೆಲ್ಲದ ನೀರು ಚಿಮುಕಿಸಿ ರುಚಿ ಹತ್ತಿಸುವುದುಂಟು. ಲ್ಯಾಮಿನೈಟಿಸ್ ಅಥವಾ ಪಿಟ್ಯುಟರಿ ದೋಷವಿರುವ ಕುದುರೆಗೆ ಬೆಲ್ಲ ಕೂಡದು. ಮುದಿ ಕುದುರೆ ಇನ್ನು ಎಂದೂ ಹುಲ್ಲನ್ನು ಜಗಿದು ನುಂಗಲಾರದು ಎಂದು ಖಚಿತವಾದ ಮೇಲೂ, ಉಗುಳಿದ ಉಂಡೆಗಳನ್ನು ಆಗಾಗ ಗುಡಿಸಿ ತೆಗೆಯುತ್ತ, ಮೆತ್ತನೆಯ ಒಂದು ಹಿಡಿ ಹುಲ್ಲನ್ನು ಅದರ ಮುಂದೆ ಇಡುವುದು ಒಳ್ಳೆಯದು: ನೆನೆಸಿದ ಮೇವು ಬೇಗ ಮುಗಿದುಹೋಗಿ ಉಳಿಯುವ ದೀರ್ಘ ಗಂಟೆಗಳಲ್ಲಿ ಅದು ಬಾಯಾಡಿಸುತ್ತದೆ, ಜೊಲ್ಲು ಊರುತ್ತದೆ, ಲಾಯದ ಮರವನ್ನು ಕಚ್ಚುವ ಚಟ ಹತ್ತುವುದಿಲ್ಲ.